ಉರಿಮೂತ್ರಕ್ಕೆ ಮೊದಲಿನ ಮಾತ್ರೆ ಕೇಳ್ತಿಲ್ಲ, ಮೈಗೆ ಒಗ್ಗಿ ಹೋಗಿದೆ. ಇನ್ನೂ ಜೋರಾದ ಮಾತ್ರೆ ಯಾವುದು? ಕಲ್ಚರ್ ಮಾಡಿಸೋದು ದುಡ್ಡು ದಂಡ ಅಲ್ವಾ?

ನಿಮ್ಮ ಮೈಗೆ ಏನೂ ಒಗ್ಗಿಲ್ಲ. ನಾನೂ ಎರಡು ವರ್ಷ ಹಾಗೇ ಅಂದುಕೊಂಡಿದ್ದೆ. ಸಿಪ್ರೋಫ್ಲಾಕ್ಸಸಿನ್ ಮೊದಲು ಎರಡೇ ದಿನಕ್ಕೆ ಕೇಳುತ್ತಿತ್ತು, ಈಗ ಐದು ದಿನ ಆದರೂ ಉರಿ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ.

ನಮ್ಮದು ಶಿಡ್ಲಘಟ್ಟ. ರೇಷ್ಮೆ ನೂಲು ಬಿಚ್ಚುವ ಕಡೆ ಲೆಕ್ಕ ಬರೆಯುತ್ತೇನೆ. ಬೆಳಗ್ಗೆ ಗೂಡು ಬಂತು ಅಂದರೆ ತೂಕ, ಚೀಟಿ, ಕೂಲಿ ಲೆಕ್ಕ ಅಂತ ಮಧ್ಯಾಹ್ನದವರೆಗೂ ಏಳುವ ಹಾಗಿಲ್ಲ. ಇದ್ದ ಒಂದೇ ಶೌಚಾಲಯದ ಚಿಲಕ ಕೂಡ ಸರಿ ಇರಲಿಲ್ಲ, ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ. ಮೊದಲ ಸಲ ಉರಿ ಬಂದಾಗ ಮನೆಯಲ್ಲಿ ಎಲ್ಲರೂ ಉಷ್ಣ ಅಂದರು. ಅತ್ತೆ ಬಾರ್ಲಿ ನೀರು ಕಾಯಿಸಿ ಕೊಟ್ಟರು. ಕಡಿಮೆ ಆಗದೆ ಡಾಕ್ಟರ ಹತ್ತಿರ ಹೋದೆ, ಸಿಪ್ರೋ ಬರೆದರು, ವಾಸಿಯಾಯಿತು. ಆಮೇಲಿಂದ ಡಾಕ್ಟರ ಹತ್ತಿರ ಹೋಗಲೇ ಇಲ್ಲ. ಉರಿ ಬಂದಾಗಲೆಲ್ಲ ಹಳೇ ಚೀಟಿಯ ಫೋಟೋ ತೋರಿಸಿ ಮೆಡಿಕಲ್‌ನಲ್ಲಿ ಅದನ್ನೇ ತರುತ್ತಿದ್ದೆ. ಸಿಪ್ರೋ ತರಹದ ಆ್ಯಂಟಿಬಯೋಟಿಕ್ ಮಾತ್ರೆ ಪಟ್ಟಿಯ ಮೇಲೆ ಒಂದು ಕೆಂಪು ಗೆರೆ ಇರುತ್ತದೆ ನೋಡಿ, ಡಾಕ್ಟರು ಹೇಳದೆ ತಗೋಬೇಡಿ ಅಂತ ಅದರ ಅರ್ಥ. 2016ರಲ್ಲಿ ಸರ್ಕಾರ ಇದರ ಬಗ್ಗೆ ಪ್ರಚಾರ ಕೂಡ ಮಾಡಿತ್ತು. ನಾನು ಆ ಗೆರೆಯನ್ನು ಗಮನಿಸಿಯೇ ಇರಲಿಲ್ಲ.

ಕೊನೆಗೆ ಸಿಪ್ರೋ ಕೇಳುವುದು ನಿಂತಾಗ ಡಾಕ್ಟರು ಯೂರಿನ್ ಕಲ್ಚರ್ ಬರೆದರು. ನಾನು ತಪ್ಪು ಮಾಡಿದ್ದು ಇಲ್ಲೇ, ಇದನ್ನು ದಯವಿಟ್ಟು ನಿಧಾನಕ್ಕೆ ಓದಿ. ಹಿಂದಿನ ರಾತ್ರಿ ಉರಿ ತಡೆಯಲಾಗಲಿಲ್ಲ. ನಾದಿನಿಗೆ ಯಾವಾಗಲೋ ಕೊಟ್ಟಿದ್ದ ನೈಟ್ರೋಫ್ಯುರಾಂಟಾಯಿನ್ ಅನ್ನುವ ಆ್ಯಂಟಿಬಯೋಟಿಕ್ ಮಾತ್ರೆ ಎರಡು ಉಳಿದಿದ್ದವು. ರಾತ್ರಿ ಒಂದು, ಬೆಳಗ್ಗೆ ಒಂದು ನುಂಗಿ ಲ್ಯಾಬ್‌ಗೆ ಹೋದೆ. ಯಾರಿಗೂ ಹೇಳಲಿಲ್ಲ. ಕಲ್ಚರ್ ಅಂದರೆ ಮೂತ್ರವನ್ನು ತಟ್ಟೆಗೆ ಸವರಿ, ಬೆಚ್ಚಗಿಟ್ಟು, ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದು. ಆದರೆ ಈ ಔಷಧಿ ಇಳಿಯುವುದೇ ಮೂತ್ರಕ್ಕೆ. ಅಂದರೆ ನಾನು ಕೊಟ್ಟ ಡಬ್ಬಿಯಲ್ಲಿ ಬ್ಯಾಕ್ಟೀರಿಯಾ ಜೊತೆ ಅದನ್ನು ಬೆಳೆಯಲು ಬಿಡದ ಔಷಧಿಯೂ ಇತ್ತು. ಎರಡು ದಿನ ಬಿಟ್ಟು ರಿಪೋರ್ಟ್ ಬಂತು: ಏನೂ ಬೆಳೆದಿಲ್ಲ. ಉರಿಯೂ ಸ್ವಲ್ಪ ಕಡಿಮೆ ಆಗಿತ್ತು. ಇನ್ಫೆಕ್ಷನ್ ಇಲ್ಲವಂತೆ, ಉಷ್ಣವೇ ಇರಬೇಕು ಅಂತ ಮತ್ತೆ ಬಾರ್ಲಿ ನೀರು ಶುರು ಮಾಡಿದೆ. ಡಾಕ್ಟರಿಗೆ ಆ ಎರಡು ಮಾತ್ರೆ ವಿಷಯ ಒಂದು ಮಾತು ಹೇಳಿದ್ದರೆ ಅವತ್ತೇ ಆ ರಿಪೋರ್ಟ್ ನಂಬಬೇಡಿ ಅನ್ನುತ್ತಿದ್ದರು.

ಹನ್ನೊಂದನೇ ದಿನ ಚೀಟಿ ಬರೆಯುತ್ತಾ ಕೂತಿದ್ದಾಗ ಚಳಿ ಹತ್ತಿತು, ಪೆನ್ನು ಹಿಡಿಯಲು ಆಗದಷ್ಟು ನಡುಕ. ಬಲಗಡೆ ಪಕ್ಕೆ ಕೆಳಗೆ ನೋವು, 103 ಡಿಗ್ರಿ ಜ್ವರ, ವಾಂತಿ. ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ ಅಡ್ಮಿಟ್ ಮಾಡಿದರು. ಸೋಂಕು ಕಿಡ್ನಿಗೆ ಏರಿತ್ತು. ಈ ಸಲ ಇಂಜೆಕ್ಷನ್ ಶುರು ಮಾಡುವ ಮೊದಲೇ ಮೂತ್ರ ತೆಗೆದುಕೊಂಡರು.

ಮೂರನೇ ದಿನ ಕೈಯಲ್ಲಿ ಸೂಜಿ ಇದ್ದ ಹಾಗೇ ಲ್ಯಾಬ್‌ವರೆಗೆ ನಡೆದು ಹೋಗಿ ಕೇಳಿದೆ. ಅಲ್ಲಿದ್ದ ಹುಡುಗಿ ಮುಚ್ಚಳ ತೆಗೆಯದೆ ತಟ್ಟೆ ತೋರಿಸಿದಳು. ಗಂಜಿ ಕೆನೆಗಟ್ಟಿದ ಹಾಗೆ ತೆಳ್ಳಗೆ ಬೆಳ್ಳಗೆ ಬೆಳೆದಿತ್ತು. ಅದರ ಮೇಲೆ ಬೊಟ್ಟಿನಷ್ಟು ಕಾಗದದ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಔಷಧಿ. ಸಿಪ್ರೋ ಬಿಲ್ಲೆಯ ಅಂಚಿಗೆ ತಾಗಿಕೊಂಡೇ ಕೆನೆ ಬೆಳೆದಿತ್ತು, ಅಂದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗಿಲ್ಲ. ಸೆಫಿಕ್ಸಿಮ್‌ಗೂ ಅಷ್ಟೇ. ಮೂರೇ ಮೂರು ಬಿಲ್ಲೆಗಳ ಸುತ್ತ ಏನೂ ಬೆಳೆಯದ ತಿಳಿಯಾದ ಉಂಗುರ ಇತ್ತು, ಅಂದರೆ ಆ ಔಷಧಿ ಕೇಳುತ್ತದೆ: ಫಾಸ್ಫೋಮೈಸಿನ್, ಮೆರೊಪೆನೆಮ್, ಮತ್ತೆ ಅದೇ ನೈಟ್ರೋಫ್ಯುರಾಂಟಾಯಿನ್! ಹತ್ತು ದಿನ ಮೊದಲು ಸರಿಯಾದ ರಿಪೋರ್ಟ್ ಬಂದಿದ್ದರೆ ಅದನ್ನೇ ಐದು ದಿನ ನುಂಗಿದ್ದರೆ ಮುಗಿಯುತ್ತಿತ್ತು. ಆದರೆ ಅದು ಮೂತ್ರಕೋಶದಲ್ಲಿ ಕೆಲಸ ಮಾಡುವ ಔಷಧಿ, ಕಿಡ್ನಿಗೆ ಏರಿದ ಸೋಂಕಿಗೆ ಸಾಲದು. ಎಂಟು ಗಂಟೆಗೊಂದು ಮೆರೊಪೆನೆಮ್ ಇಂಜೆಕ್ಷನ್, ಏಳು ದಿನ. ಆ ಬಿಲ್ಲು ಕಟ್ಟಿದವಳು ಹೇಳುತ್ತಿದ್ದೇನೆ, ಕಲ್ಚರ್ ದುಡ್ಡು ದಂಡ ಅಲ್ಲ.

ನನ್ನಲ್ಲಿದ್ದದ್ದು ಇ. ಕೋಲೈ. ಉರಿಮೂತ್ರಕ್ಕೆ ಬಹುಪಾಲು ಅದೇ ಕಾರಣ. ನಮ್ಮ ಕರುಳಲ್ಲೇ ಇರುವ ಬ್ಯಾಕ್ಟೀರಿಯಾ ಅದು, ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಅಷ್ಟೇ ಇರುವುದರಿಂದ ಒಳಗೆ ಹೋಗುವುದು ಸುಲಭ. ಆ್ಯಂಟಿಬಯೋಟಿಕ್ ನುಂಗಿದಾಗಲೆಲ್ಲ ಅದಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದವು ಉಳಿದು ಹೆಚ್ಚುತ್ತವೆ, ಆ ಶಕ್ತಿಯನ್ನು ಪಕ್ಕದ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. ನನ್ನದು ಇಎಸ್‌ಬಿಎಲ್ ತಯಾರಿಸುವ ಬಗೆ, ಅಂದರೆ ಸೆಫಿಕ್ಸಿಮ್ ತರಹದ ಔಷಧಿಗಳನ್ನು ಒಡೆದು ಹಾಕುವ ಕಿಣ್ವ ಅದರಲ್ಲೇ ತಯಾರಾಗುತ್ತದೆ.

ಹಾಗಾಗಿ ಜೋರಾದ ಮಾತ್ರೆ ಅಂತ ಒಂದಿಲ್ಲ, ನಿಮ್ಮಲ್ಲಿರುವ ಬ್ಯಾಕ್ಟೀರಿಯಾಕ್ಕೆ ಆಗುವುದು, ಆಗದ್ದು ಅಂತ ಇದೆ ಅಷ್ಟೇ. ಇಲ್ಲಿ ಯಾರಾದರೂ ಮಾತ್ರೆ ಹೆಸರು ಬರೆದರೆ ತಗೋಬೇಡಿ, ನಾನು ಬರೆದಿರುವ ಹೆಸರುಗಳನ್ನೂ ಸೇರಿಸಿ. ಐದು ದಿನದಿಂದ ಸಿಪ್ರೋ ತಗೊಂಡಿದ್ದೀರಿ, ಅದನ್ನು ಮೊದಲು ಡಾಕ್ಟರಿಗೆ ಹೇಳಿ, ಕಲ್ಚರ್‌ಗೆ ಯಾವಾಗ ಕೊಡಬೇಕು ಅಂತ ಅವರನ್ನೇ ಕೇಳಿ. ಕೊಡುವಾಗ ಮೊದಲು ಸ್ವಲ್ಪ ಹೋಗಲು ಬಿಟ್ಟು ನಡುವಿನದ್ದನ್ನು ಹಿಡಿಯಿರಿ, ಹಿಡಿದ ಮೇಲೆ 2 ಗಂಟೆಯೊಳಗೆ ಲ್ಯಾಬ್ ಸೇರಲಿ. ಚಳಿ ಜ್ವರ, ಪಕ್ಕೆ ನೋವು ಇದ್ದರೆ ಅಥವಾ ನೀವು ಬಸುರಿಯಾಗಿದ್ದರೆ ನಾಳೆಗೆ ಅಂತ ಕಾಯಬೇಡಿ, ಇವತ್ತೇ ಹೋಗಿ.