‘ದಿ ಗಾರ್ಗನ್’ ಸಿನಿಮಾದಲ್ಲಿ ಅಂಥದ್ದೇನಿದೆ? ಅಭಿಮಾನಿಗಳು ಅದನ್ನು ಇಷ್ಟೊಂದು ಹಚ್ಚಿಕೊಂಡಿರುವುದು ಯಾಕೆ?

ಈ ಸಿನಿಮಾ ಬಗ್ಗೆ ಕೇಳುವವರೇ ಕಡಿಮೆ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ನಿಜವಾಗಿಯೂ ಖುಷಿಯಾಯಿತು. ಹಳೆಯ ಹಾರರ್ ಸಿನಿಮಾ ಪ್ರೇಮಿಗಳು 1964ರ ಬ್ರಿಟಿಷ್ ಸಿನಿಮಾ ‘ದಿ ಗಾರ್ಗನ್’ಗೆ ಸಿಗಬೇಕಾದ ಹೆಸರು ಸಿಗಲಿಲ್ಲ ಎನ್ನುತ್ತಾರೆ. (ಗಾರ್ಗನ್ ಎಂದರೆ ಗ್ರೀಕ್ ಪುರಾಣದ ರಾಕ್ಷಸಿ. ತಲೆಯ ಮೇಲೆ ಕೂದಲಿನ ಬದಲು ಹಾವುಗಳು, ಅವಳನ್ನು ನೋಡಿದವರು ಕಲ್ಲಾಗುತ್ತಾರೆ.) ಅವರ ಮಾತು ಕೇಳಿ ನೀವು ನೋಡಿದಿರಿ. ಕೊನೆಯಲ್ಲಿ ಬಂದ ಹಾವಿನ ತಲೆ ಕಂಡು ನಗು ಬಂತು. ಅವರಿಗೆ ಕಂಡದ್ದು ನನಗೇಕೆ ಕಾಣಲಿಲ್ಲ ಅಂತ ಕೇಳಿದ್ದೀರಿ. ನಾನು ಆ ಅಭಿಮಾನಿಗಳಲ್ಲಿ ಒಬ್ಬ. ನನಗೆ ಕಂಡದ್ದನ್ನು ಹೇಳುತ್ತೇನೆ. ಸಿನಿಮಾ ನೋಡದವರು ಇದನ್ನು ಓದುತ್ತಿದ್ದರೆ ಇಲ್ಲೇ ನಿಲ್ಲಿಸಿ, ಕೊನೆಯವರೆಗಿನ ಕತೆ ಬರುತ್ತದೆ.

ಮೊದಲು ಹಾವಿನ ವಿಷಯ. ನೀವು ಹೇಳಿದ್ದು ಸರಿ, ಹಾವುಗಳು ಚೆನ್ನಾಗಿಲ್ಲ. ಈ ಸಿನಿಮಾ ಎಂದರೆ ಪ್ರಾಣ ಬಿಡುವವರೂ ಅದನ್ನು ಒಪ್ಪುತ್ತಾರೆ. ವಿಗ್ಗಿನ ಮೇಲೆ ಹಾವುಗಳನ್ನು ಕೂರಿಸಿ ಯಂತ್ರದಿಂದ ಆಡಿಸಿದ್ದಾರೆ. ಅವು ಸುಮ್ನೆ ಆ ಕಡೆ ಈ ಕಡೆ ಅಲ್ಲಾಡುತ್ತವೆ, ಜೀವ ಕಾಣುವುದಿಲ್ಲ. 1981ರ ‘ಕ್ಲ್ಯಾಶ್ ಆಫ್ ದಿ ಟೈಟನ್ಸ್’ನಲ್ಲಿ ರೇ ಹ್ಯಾರಿಹೌಸೆನ್ ಮಾಡಿದ ಮೆಡೂಸಾ ಎನ್ನುವ ಗಾರ್ಗನ್‌ಳನ್ನು ನೋಡಿದ ಕಣ್ಣಿಗಂತೂ ಇದು ಸಪ್ಪೆಯೇ. ಇನ್ನೊಂದು ಹೊಟ್ಟೆ ಉರಿಯುವ ವಿಷಯವಿದೆ. ನಾಯಕಿ ಕಾರ್ಲಾಳ ಪಾತ್ರ ಮಾಡಿದ ಬಾರ್ಬರಾ ಶೆಲ್ಲಿ, ಗಾರ್ಗನ್ ಪಾತ್ರವನ್ನೂ ನನಗೇ ಕೊಡಿ ಎಂದು ಕೇಳಿದ್ದರಂತೆ. ವಿಗ್ಗಿನಲ್ಲಿ ವಿಷವಿಲ್ಲದ ನಿಜವಾದ ಹಾವುಗಳನ್ನೇ ಇಟ್ಟುಕೊಳ್ಳಲೂ ಅವರು ತಯಾರಿದ್ದರು. ಆಗಲಿಲ್ಲ. ಪಾತ್ರ ಪ್ರುಡೆನ್ಸ್ ಹೈಮನ್ ಅವರಿಗೆ ಹೋಯಿತು. ಬಾರ್ಬರಾ ಅವರ ಮುಖದ ಮೇಲೆ ಆ ಹಾವುಗಳು ಹೊರಳಾಡಿದ್ದರೆ ಹೇಗಿರುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆದರೆ ಹಾವು ಹತ್ತಿರದಿಂದ ಕಾಣುವುದು ಕೊನೆಯ ಕೆಲವೇ ನಿಮಿಷ ಮಾತ್ರ. ಸಿನಿಮಾದ ಉದ್ದ 83 ನಿಮಿಷ. ಉಳಿದ ಹೊತ್ತಿನಲ್ಲಿ ಏನಿದೆ ಎನ್ನುವುದೇ ನಿಮ್ಮ ಪ್ರಶ್ನೆಗೆ ಉತ್ತರ ಅಂತ ನನಗೆ ಅನ್ನಿಸುತ್ತದೆ.

ಪ್ರೊಫೆಸರ್ ಹೈಟ್ಸ್ ಪತ್ರ ಬರೆಯುವ ದೃಶ್ಯ ನೆನಪಿದೆಯಾ? ಕತೆ ನಡೆಯುವುದು ವ್ಯಾಂಡಾರ್ಫ್ ಎನ್ನುವ ಹಳ್ಳಿಯಲ್ಲಿ. ಶುರುವಿನಲ್ಲೇ ಒಬ್ಬ ಹುಡುಗಿ ಸಾಯುತ್ತಾಳೆ. ಅವಳನ್ನು ಪ್ರೀತಿಸುತ್ತಿದ್ದ ಚಿತ್ರಕಾರ ಬ್ರೂನೋ ನೇಣಿಗೆ ತೂಗುತ್ತಿರುವುದು ಸಿಗುತ್ತದೆ. ಕೊಲೆ ಮಾಡಿದ್ದು ಅವನೇ ಅಂತ ವಿಚಾರಣೆಯಲ್ಲಿ ತೀರ್ಪೂ ಆಗಿಬಿಡುತ್ತದೆ. ಬ್ರೂನೋನ ತಂದೆ ಪ್ರೊಫೆಸರ್ ಹೈಟ್ಸ್. ಮಗನ ಮೇಲಿನ ಕಳಂಕ ತೊಳೆಯಲು ಅವರು ಹಳ್ಳಿಗೆ ಬರುತ್ತಾರೆ. ಒಂದು ರಾತ್ರಿ ಯಾವುದೋ ಹೆಣ್ಣು ದನಿ ಅವರನ್ನು ಪಾಳು ಬಿದ್ದ ಬೋರ್ಸ್ಕಿ ಕೋಟೆಗೆ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಅವರು ಗಾರ್ಗನ್‌ಳನ್ನು ನೋಡಿಬಿಡುತ್ತಾರೆ.

ಬೇರೆ ಯಾರೇ ನಿರ್ದೇಶಕರಾಗಿದ್ದರೂ ಅವರನ್ನು ಅಲ್ಲೇ, ಆ ಕ್ಷಣವೇ ಕಲ್ಲು ಮಾಡಿ ಮುಗಿಸುತ್ತಿದ್ದರು. ಟೆರೆನ್ಸ್ ಫಿಶರ್ ಹಾಗೆ ಮಾಡಲಿಲ್ಲ. ಮುದುಕ ತಡವರಿಸುತ್ತಾ ಮನೆಗೆ ಬರುತ್ತಾನೆ. ಮುಖ ಆಗಲೇ ಬೂದಿ ಬಣ್ಣಕ್ಕೆ ತಿರುಗಿದೆ. ಮೇಜಿನ ಮುಂದೆ ಕೂತು ಇನ್ನೊಬ್ಬ ಮಗ ಪಾಲ್‌ಗೆ ಪತ್ರ ಬರೆಯಲು ಶುರು ಮಾಡುತ್ತಾನೆ. ಬೆರಳು ಮಡಿಸಲು ಆಗುತ್ತಿಲ್ಲ. ಪೆನ್ನು ಕಾಗದದ ಮೇಲೆ ಎಳೆದುಕೊಂಡು ಹೋಗುತ್ತದೆ. ತನಗೆ ಏನಾಗುತ್ತಿದೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಕಲ್ಲು ಕೈಗೆ ಏರಿ ಕೈ ನಿಂತುಹೋಗುವ ಮೊದಲು ಇದೊಂದನ್ನು ಬರೆದು ಮುಗಿಸಬೇಕು. ಆ ಪಾತ್ರ ಮಾಡಿದವರು ಮೈಕಲ್ ಗುಡ್ಲಿಫ್. ಅವರು ಕಿರುಚುವುದಿಲ್ಲ, ಅಳುವುದೂ ಇಲ್ಲ. ಕೆಲಸ ಮುಗಿಸುವ ಅವಸರವೊಂದೇ ಮುಖದಲ್ಲಿ ಕಾಣುತ್ತದೆ. ಎಷ್ಟು ಸಲ ನೋಡಿದರೂ ಇಲ್ಲಿ ನನ್ನ ಗಂಟಲು ಕಟ್ಟುತ್ತದೆ. ರಾಕ್ಷಸಿಯ ಭಯ ಏನು ಅಂತ ತೋರಿಸಲು ಹಾವೇ ಬೇಕಾಗಿರಲಿಲ್ಲ ನೋಡಿ. ಒಂದು ಪೆನ್ನು, ಒಂದು ಕೈ ಸಾಕಾಯಿತು.

ಈ ಸಿನಿಮಾ ನಿಂತಿರುವುದು ಇನ್ನೊಂದು ಭಯದ ಮೇಲೆ. ಹಳ್ಳಿಯವರಿಗೆಲ್ಲ ಏನೋ ಗೊತ್ತಿದೆ, ಯಾರೂ ಬಾಯಿ ಬಿಡುವುದಿಲ್ಲ. ಹುಡುಗಿಯ ಹೆಣ ಕಲ್ಲಾಗಿದೆ ಅಂತ ಡಾಕ್ಟರ್ ನಮರಾಫ್‌ಗೆ ಗೊತ್ತು. ಆದರೂ ವಿಚಾರಣೆಯಲ್ಲಿ ಅದನ್ನು ಮುಚ್ಚಿಡುತ್ತಾನೆ. ಒಬ್ಬ ನಿರಪರಾಧಿ ಹುಡುಗನ ಮೇಲೆ ಕೊಲೆಯ ಆರೋಪ ಬಂದರೂ ಬರಲಿ, ಊರ ಮರ್ಯಾದೆ, ಊರ ನೆಮ್ಮದಿ ಉಳಿಯಲಿ ಎನ್ನುವ ಥರ. ಸತ್ತವರು ಕಲ್ಲಾದರು ಸರಿ, ಬದುಕಿರುವವರೂ ಒಂದು ರೀತಿಯಲ್ಲಿ ಕಲ್ಲಾಗಿಯೇ ಓಡಾಡುತ್ತಿದ್ದಾರೆ ಅಲ್ವಾ? ಇದನ್ನು ಸಿನಿಮಾ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ನನಗೆ ಇಷ್ಟ.

ಅಭಿಮಾನಿಗಳು ತುಂಬಾ ಮಾತಾಡುವ ಇನ್ನೊಂದು ಸಂಗತಿ ನಟರಾದ ಪೀಟರ್ ಕುಶಿಂಗ್ ಮತ್ತು ಕ್ರಿಸ್ಟೋಫರ್ ಲೀ ಅವರ ಪಾತ್ರಗಳ ಅದಲುಬದಲು. ಇದರ ಹಿಂದೆ ಸ್ವಲ್ಪ ಇತಿಹಾಸ ಇದೆ. ಈ ಸಿನಿಮಾ ತಯಾರಿಸಿದ ಹ್ಯಾಮರ್ ಕಂಪನಿಗೆ ಫಿಶರ್ ಅವರೇ 1957ರಲ್ಲಿ ಫ್ರಾಂಕನ್‌ಸ್ಟೈನ್ ಕತೆ, 1958ರಲ್ಲಿ ಡ್ರಾಕುಲಾ, 1959ರಲ್ಲಿ ಮಮ್ಮಿ ಕತೆ ಮಾಡಿದ್ದರು. ಮೂರರಲ್ಲೂ ಇವರಿಬ್ಬರೇ. ಮೂರರಲ್ಲೂ ಭೂತಪ್ರೇತದ ಪಾತ್ರ ಲೀ ಅವರದು. ಡ್ರಾಕುಲಾದಲ್ಲಿ ಕುಶಿಂಗ್ ವ್ಯಾನ್ ಹೆಲ್ಸಿಂಗ್, ಸತ್ಯ ಹುಡುಕುವ ವಿದ್ವಾಂಸ. ‘ದಿ ಗಾರ್ಗನ್’ನಲ್ಲಿ ಸತ್ಯ ಮುಚ್ಚಿಡುವ ನಮರಾಫ್ ಆಗಿರುವುದು ಅದೇ ಕುಶಿಂಗ್. ಸತ್ಯ ಅಗೆದು ತೆಗೆಯಲು ಬರುವ ಪ್ರೊಫೆಸರ್ ಮೈಸ್ಟರ್ ಆಗಿರುವುದು ಲೀ. ಕೂದಲು, ಮೀಸೆ ಬೆಳ್ಳಗೆ ಮಾಡಿಕೊಂಡು, ಯಾರ ಮುಲಾಜೂ ಇಲ್ಲದೆ ಗದರುತ್ತಾ ಓಡಾಡುವ ಲೀ ಅವರನ್ನು ನೋಡುವುದೇ ಒಂದು ಸಂತೋಷ. ಅವರು ಬರುವುದು ತಡ ಎನ್ನುವ ದೂರು ಇದೆ, ಅದು ನನ್ನದೂ ಹೌದು. ಇನ್ಸ್‌ಪೆಕ್ಟರ್ ಆಗಿರುವ ಪ್ಯಾಟ್ರಿಕ್ ಟ್ರೌಟನ್ ಎರಡು ವರ್ಷದ ನಂತರ ‘ಡಾಕ್ಟರ್ ಹೂ’ ಎನ್ನುವ ಬ್ರಿಟಿಷ್ ಟಿವಿ ಸರಣಿಯ ನಾಯಕ ಆದವರು. ಆ ಸರಣಿಯ ಅಭಿಮಾನಿಗಳು ಈ ಸಿನಿಮಾಗೆ ಬರುವುದು ಅವರಿಗಾಗಿ.

ಆದರೆ ನನ್ನ ಮಟ್ಟಿಗೆ ಕುಶಿಂಗ್ ಅವರೇ ಮೇಲು. ನಮರಾಫ್ ಕೆಟ್ಟವನಲ್ಲ. ತನ್ನ ಸಹಾಯಕಿ ಕಾರ್ಲಾಳನ್ನು ಅವನು ಪ್ರೀತಿಸುತ್ತಾನೆ. ಹುಣ್ಣಿಮೆಯ ರಾತ್ರಿ ಗಾರ್ಗನ್ ಮೆಗೇರಾಳ ಆತ್ಮ ಅವಳ ಮೈಮೇಲೆ ಬರುತ್ತದೆ ಅಂತ ಅವನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಹೇಳಿದರೆ ಅವಳು ಕುಸಿದುಹೋಗುತ್ತಾಳೆ. ಹೇಳದಿದ್ದರೆ ಇನ್ನೊಂದು ಹೆಣ ಬೀಳುತ್ತದೆ. ಈ ಎರಡರ ಮಧ್ಯೆ ಸಿಕ್ಕಿಕೊಂಡ ಮನುಷ್ಯನ ತುಟಿ ಹೇಗೆ ಬಿಗಿಯುತ್ತದೆ, ಕಣ್ಣು ಹೇಗೆ ಬೇರೆ ಕಡೆ ಜಾರುತ್ತದೆ ನೋಡಿ. ಅವನ ಪ್ರೀತಿಯಲ್ಲಿ ಅವಳನ್ನು ಕಾಯುವ ಆಸೆ ಎಷ್ಟಿದೆ, ತನ್ನ ಹತ್ತಿರವೇ ಇಟ್ಟುಕೊಳ್ಳುವ ಆಸೆ ಎಷ್ಟಿದೆ ಎನ್ನುವುದು ಕೊನೆಯವರೆಗೂ ಬಿಡಿಸಲಾಗದ ಗಂಟು.

ಗಾರ್ಗನ್ ಯಾರು ಅಂತ ಅರ್ಧದಲ್ಲೇ ಗೊತ್ತಾಗಿಬಿಡುತ್ತದೆ, ಇದೇನು ಸಸ್ಪೆನ್ಸ್ ಅಂತ ಕೆಲವರು ಮೂಗು ಮುರಿಯುತ್ತಾರೆ. ನಿಮಗೂ ಹಾಗೇ ಅನ್ನಿಸಿರಬಹುದು. ನನಗೆ ಮೊದಲ ಸಲ ಹಾಗೇ ಅನ್ನಿಸಿತ್ತು. ಎರಡನೇ ಸಲ ನೋಡುವಾಗ ಒಂದು ಕೆಲಸ ಮಾಡಿದೆ. ಕಾರ್ಲಾ ಪರದೆಯ ಮೇಲೆ ಇದ್ದಾಗಲೆಲ್ಲ ಅವಳನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. ಸಿನಿಮಾ ಪೂರ್ತಿ ಬೇರೆಯಾಗಿಬಿಟ್ಟಿತು. ಅವಳಿಗೆ ಕೆಲವು ರಾತ್ರಿಗಳ ನೆನಪೇ ಇಲ್ಲ. ಮೊದಲೊಮ್ಮೆ ನೆನಪು ಕಳೆದುಕೊಂಡಿದ್ದವಳು ಬೇರೆ. ಯಾರೋ ತನ್ನ ಹಿಂದೆಯೇ ಬರುತ್ತಿದ್ದಾರೆ ಎನ್ನುವ ದಿಗಿಲು ಅವಳಿಗೆ ಯಾವಾಗಲೂ. ತನ್ನೊಳಗೆ ಏನೋ ಸರಿಯಿಲ್ಲ ಅಂತ ಅನುಮಾನ, ಅದು ಏನು ಅಂತ ಗೊತ್ತಿಲ್ಲ. ಅವಳನ್ನು ಪ್ರೀತಿಸುವ ಗಂಡಸರು ಇಬ್ಬರು. ಒಬ್ಬ ಅವಳಿಗೆ ಸತ್ಯ ಹೇಳುವುದಿಲ್ಲ. ಇನ್ನೊಬ್ಬ, ಅಂದರೆ ಪಾಲ್, ಅವಳ ಮಾತು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ. ಇಲ್ಲಿಂದ ಕರೆದುಕೊಂಡು ಹೋಗು, ಈಗಲೇ ಹೋಗೋಣ ಅಂತ ಅವಳು ಬೇಡಿಕೊಳ್ಳುತ್ತಾಳೆ. ಅವನಿಗೆ ತಂದೆಯ ಸಾವಿನ ಗುಟ್ಟು ಮೊದಲು ಬಿಡಿಸಬೇಕು. ಆ ತಡವೇ ಇಬ್ಬರನ್ನೂ ತಿನ್ನುತ್ತದೆ.

ಪಾಳು ಕೋಟೆಯಲ್ಲಿ ಅವಳು ಸಿಂಹಾಸನದ ಮೇಲೆ ಕೂತಿರುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಸುತ್ತ ಜೇಡರ ಬಲೆ, ನೆಲದ ತುಂಬಾ ಒಣಗಿದ ಎಲೆ. ಅವಳು ಅಲ್ಲಿ ಯಾಕೆ ಕೂತಳು ಎನ್ನುವುದು ಅವಳಿಗೇ ಗೊತ್ತಿಲ್ಲವೇನೋ. ಆದರೆ ಬೆನ್ನು ನೆಟ್ಟಗಿದೆ, ಇದು ನನ್ನ ಜಾಗ ಎನ್ನುವ ಹಾಗೆ. ಬಾರ್ಬರಾ ಶೆಲ್ಲಿ ಇಲ್ಲಿ ಒಂದು ಸಣ್ಣ ಸನ್ನೆಯನ್ನೂ ಜಾಸ್ತಿ ಮಾಡುವುದಿಲ್ಲ. ಎರಡು ಹೆಣ್ಣುಗಳು ಒಂದೇ ಮೈಯಲ್ಲಿರುವುದು ಆ ಕೂರುವ ರೀತಿಯಲ್ಲೇ ಕಾಣುತ್ತದೆ. 2021ರ ಜನವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಇದೇ ಸಿಂಹಾಸನ.

ಕೋಟೆಯ ಬಗ್ಗೆಯೂ ಒಂದೆರಡು ಮಾತು ಹೇಳಲೇಬೇಕು. ಇದೆಲ್ಲ ಇಂಗ್ಲೆಂಡಿನ ಬ್ರೇ ಸ್ಟುಡಿಯೋದ ಸೆಟ್. ಕಡಿಮೆ ದುಡ್ಡಿನಲ್ಲಿ, ಹಳೆಯ ಸೆಟ್ಟನ್ನೇ ತಿರುಗಿಸಿ ಮುರುಗಿಸಿ ಹೊಸದು ಮಾಡುವುದರಲ್ಲಿ ಕಲಾ ನಿರ್ದೇಶಕ ಬರ್ನಾರ್ಡ್ ರಾಬಿನ್ಸನ್ ಎತ್ತಿದ ಕೈ. ಛಾಯಾಗ್ರಾಹಕ ಮೈಕಲ್ ರೀಡ್ ಅದಕ್ಕೆ ತಣ್ಣನೆಯ ಬೆಳಕು ಹಾಕಿದ್ದಾರೆ. ಗಾರ್ಗನ್ ದೂರದಲ್ಲಿ, ಕಂಬಗಳ ಹಿಂದೆ, ನೆರಳಿನಲ್ಲಿ ನಿಂತಾಗ ಅವಳ ಹಸಿರು ಬಟ್ಟೆ ಮಾತ್ರ ಕಾಣುತ್ತದೆ. ಆಗ ಮೈ ಜುಮ್ ಅನ್ನುತ್ತದೆ, ಹಾವಿನ ನೆನಪೇ ಬರುವುದಿಲ್ಲ. ಪಾಲ್ ಅವಳನ್ನು ಮೊದಲು ಕಾಣುವುದೂ ನೇರವಾಗಿ ಅಲ್ಲ, ನೀರಿನಲ್ಲಿ ಬಿದ್ದ ಬಿಂಬವನ್ನು. ಅಷ್ಟಕ್ಕೇ ಅವನ ಕೂದಲು ನರೆತು, ಮುಖ ವಯಸ್ಸಾದವನ ಹಾಗೆ ಆಗಿಬಿಡುತ್ತದೆ. ಇನ್ನು ಜೇಮ್ಸ್ ಬರ್ನಾರ್ಡ್ ಅವರ ಸಂಗೀತ. ಕರೆಯುವ ಆ ಹೆಣ್ಣು ದನಿಯನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ಇಂಪಾಗಿಯೇ ಇರುತ್ತದೆ. ಹೋಗಬಾರದು ಅಂತ ಗೊತ್ತಿದ್ದೂ ಪ್ರೊಫೆಸರ್ ಯಾಕೆ ಹೋದರು ಎನ್ನುವುದು ಆಗ ಅರ್ಥವಾಗುತ್ತದೆ.

ಪುರಾಣ ಗೊತ್ತಿರುವವರ ತಕರಾರು ಒಂದಿದೆ, ಅದು ನ್ಯಾಯವಾದದ್ದೇ. ಗ್ರೀಕ್ ಪುರಾಣದ ಮೂವರು ಗಾರ್ಗನ್ ಅಕ್ಕತಂಗಿಯರು ಸ್ಥೆನೋ, ಯೂರಿಯಾಲೆ, ಮೆಡೂಸಾ. ಮೆಗೇರಾ ಗಾರ್ಗನ್ನೇ ಅಲ್ಲ, ಪಾಪ ಮಾಡಿದವರ ಬೆನ್ನು ಹತ್ತುವ ಸೇಡಿನ ದೇವತೆಗಳಲ್ಲಿ ಒಬ್ಬಳು. ಚಿತ್ರಕತೆಯಲ್ಲಿ ಅದು ಕಲಸಿಹೋಗಿದೆ. ನನಗೆ ಮಾತ್ರ ಈ ತಪ್ಪಿನಿಂದ ಕತೆಗೆ ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಇಷ್ಟೊಂದು ಸುಳ್ಳು ಮುಚ್ಚಿಟ್ಟ ಊರಿಗೆ ಬರಬೇಕಾದವಳು ಸೇಡಿನ ದೇವತೆಯೇ ಅಲ್ವಾ?

ಈ ಸಿನಿಮಾ ಹಿಂದೆ ಬಿದ್ದದ್ದಕ್ಕೆ ನನಗೆ ಕಾಣುವ ಕಾರಣ ಇಷ್ಟು. ಡ್ರಾಕುಲಾ, ಫ್ರಾಂಕನ್‌ಸ್ಟೈನ್ ಥರ ಮುಂದಿನ ಭಾಗಗಳು ಇದಕ್ಕೆ ಬರಲಿಲ್ಲ. ಪೋಸ್ಟರ್ ನೋಡಿ ರಾಕ್ಷಸಿಯ ಸಿನಿಮಾ ಅಂತ ಬಂದವರಿಗೆ ಸಿಕ್ಕಿದ್ದು ಒಂದು ದುಃಖದ ಪ್ರೇಮಕತೆ. ಗೆದ್ದು ಮನೆಗೆ ಹೋಗುವ ಪ್ರೇಮಿಗಳು ಇಲ್ಲಿ ಇಲ್ಲ. ಕೊನೆಯಲ್ಲಿ ನಮರಾಫ್ ಸಾಯುತ್ತಾನೆ, ಕಾರ್ಲಾ ಸಾಯುತ್ತಾಳೆ, ಪಾಲ್ ಕಲ್ಲಾಗುತ್ತಾನೆ. ಇನ್ನೂ ನಿಂತಿರುವವರು ಕೈಯಲ್ಲಿ ಕತ್ತಿ ಹಿಡಿದ ಮೈಸ್ಟರ್ ಒಬ್ಬರೇ.

ನಿಮಗೆ ನಗು ಬಂದ ಆ ಕೊನೆಯ ದೃಶ್ಯವನ್ನೇ ಇನ್ನೊಂದು ಸಲ ನೋಡಿ ಅಂತ ಕೇಳಿಕೊಳ್ಳುತ್ತೇನೆ. ತಲೆ ಉರುಳಿದ ಮೇಲೆ ಆಫ್ ಮಾಡಬೇಡಿ. ಹಾವುಗಳು ಮೆಲ್ಲಗೆ ಮಾಯವಾಗುತ್ತವೆ, ಹಸಿರು ಬಣ್ಣ ಇಳಿಯುತ್ತದೆ, ಕಾರ್ಲಾಳ ಮುಖ ಬರುತ್ತದೆ. ಪಾಲ್ ಕಲ್ಲಾಗುತ್ತಲೇ ಆ ಮುಖವನ್ನು ನೋಡುತ್ತಿದ್ದಾನೆ. ಅವಳು ಬಿಡುಗಡೆಯಾದಳು ಅಂತ ಮೈಸ್ಟರ್ ಅವನಿಗೆ ಹೇಳುತ್ತಾರೆ. ಸಿನಿಮಾ ಪೂರ್ತಿ ಗದರುತ್ತಲೇ ಇದ್ದ ಮನುಷ್ಯ ಅಲ್ಲಿ ಎಷ್ಟು ಮೆತ್ತಗೆ ಮಾತಾಡುತ್ತಾರೆ ಅಂತ ಗಮನಿಸಿ. ನೋಡಿದ ಮೇಲೆ ಇಲ್ಲಿಗೇ ಬಂದು ಏನನ್ನಿಸಿತು ಅಂತ ಬರೆಯಿರಿ. ಆಗಲೂ ನಗುವೇ ಬಂದರೆ ಅದನ್ನೂ ಬರೆಯಿರಿ.