ನಡುವೆ ದಾರಿ ಬದಲಿಸುವ ವ್ಯವಸ್ಥೆಗೆ ಎಂಥ ಸಮೀಕರಣ?

ಪ್ರಶ್ನೆ: ಸೋಂಕು ಹರಡುವುದರ ಗಣಿತ ಮಾದರಿ ಮಾಡುತ್ತಿದ್ದೇನೆ. ಸಾಮಾನ್ಯ ಡೆರಿವೇಟಿವ್ (ಬದಲಾವಣೆಯ ದರ) ಸಮೀಕರಣ ಶುರುವಿನ ದತ್ತಾಂಶಕ್ಕೆ ಚೆನ್ನಾಗಿ ಹೊಂದುತ್ತದೆ, ಆಮೇಲೆ ಕೈಕೊಡುತ್ತದೆ. ಫ್ರ್ಯಾಕ್ಷನಲ್ ಡೆರಿವೇಟಿವ್ ಹಾಕು ಅಂತ ಒಬ್ಬರು, ಪೀಸ್‌ವೈಸ್ (ತುಂಡು ತುಂಡಾಗಿ) ಮಾಡು ಅಂತ ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ಬೇರೆ ಬೇರೆ ತೊಂದರೆಯ ಬಗ್ಗೆ ಮಾತಾಡುತ್ತಿದ್ದಾರೆ. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ.

ಫ್ರ್ಯಾಕ್ಷನಲ್ ಡೆರಿವೇಟಿವ್, ಅಂದರೆ ಆರ್ಡರ್ (ಎಷ್ಟು ಸಲ ಡೆರಿವೇಟಿವ್ ತೆಗೆಯುತ್ತೇವೆ ಅನ್ನೋದು) ಪೂರ್ಣಸಂಖ್ಯೆ ಅಲ್ಲದ್ದು, ಹೊಸದಲ್ಲ. ಆರ್ಡರ್ ಅರ್ಧ ಆದರೆ ಏನಾಗುತ್ತದೆ ಅನ್ನೋ ಮಾತು 1695ರಲ್ಲೇ ಗಣಿತಜ್ಞರಾದ ಲೈಬ್ನಿಟ್ಸ್ ಮತ್ತು ಲೋಪಿಟಾಲ್ ಪತ್ರಗಳಲ್ಲಿ ಬಂದಿತ್ತು. ಅದರ ಗುಣ ನೆನಪು: ಹಿಂದಿನದ್ದೆಲ್ಲ ಲೆಕ್ಕಕ್ಕೆ ಬರುತ್ತದೆ. ಲೆಕ್ಕ ಹಾಕಿದರೆ ಕಣ್ಣಿಗೇ ಕಾಣುತ್ತದೆ. ಆರ್ಡರ್ 1 ಇದ್ದಾಗ ಈಗಿನ ಬೆಲೆಯಿಂದ ಹಿಂದಿನ ಹೆಜ್ಜೆಯ ಬೆಲೆ ಕಳೆದರೆ ಮುಗೀತು. ಆರ್ಡರ್ 1/2 ಆದರೆ ಹಿಂದಿನ ಹೆಜ್ಜೆಯ 1/2 ಭಾಗ, ಅದರ ಹಿಂದಿನದರ 1/8, ಆಮೇಲೆ 1/16, 5/128, ಹೀಗೆ ಶುರುವಿನ ತನಕ ಕಳೆಯುತ್ತಾ ಹೋಗಬೇಕು. ತೂಕ ಇಳಿಯುತ್ತದೆ, ಆದರೆ ಸೊನ್ನೆ ಆಗುವುದಿಲ್ಲ. ಕಂಪ್ಯೂಟರ್‌ಗೆ ಕೆಲಸ ಜಾಸ್ತಿ ಆಗುವುದೂ ಇದರಿಂದಲೇ.

ನಡುವೆ ನಿಯಮವೇ ಬದಲಾದರೆ? ಲಸಿಕೆ ಶುರುವಾಯಿತು, ಓಡಾಟ ನಿಂತಿತು ಅಂದುಕೊಳ್ಳಿ. ಇಲ್ಲಿ ಬರೀ ನೆನಪು ಸಾಲದು. 2021ರಲ್ಲಿ ಗಣಿತಜ್ಞರಾದ ಅಟಂಗಾನಾ ಮತ್ತು ಅರಾಜ್ ಮುಂದಿಟ್ಟ ಪೀಸ್‌ವೈಸ್ ಡೆರಿವೇಟಿವ್ ಇಂಥದ್ದಕ್ಕೇ: ಕಾಲವನ್ನು ತುಂಡು ಮಾಡಿ, ಒಂದರಲ್ಲಿ ಸಾಮಾನ್ಯ ಡೆರಿವೇಟಿವ್, ಇನ್ನೊಂದರಲ್ಲಿ ಫ್ರ್ಯಾಕ್ಷನಲ್, ಬೇಕಾದರೆ ಮತ್ತೊಂದರಲ್ಲಿ ಯಾದೃಚ್ಛಿಕ ಏರಿಳಿತ.

ಎಡವಟ್ಟಾಗುವುದು ಸೇರುವ ಜಾಗದಲ್ಲಿ. ಎರಡನೇ ತುಂಡು ಫ್ರ್ಯಾಕ್ಷನಲ್ ಆಗಿದ್ದರೆ, ಅದರ ಕಪುಟೋ ಇಂಟಿಗ್ರಲ್ (ಕಪುಟೋ ವ್ಯಾಖ್ಯೆಯಲ್ಲಿ ಹಿಂದಿನದನ್ನೆಲ್ಲ ಕೂಡಿಸುವ ಭಾಗ) ಸಾಮಾನ್ಯವಾಗಿ ಆ ತುಂಡಿನ ಶುರುವಿನಿಂದಲೇ ಹೊರಡುತ್ತದೆ. ಅಂದರೆ ಆ ಹೊತ್ತಿನ ಸೋಂಕಿತರ ಸಂಖ್ಯೆ ದಾಟಿ ಬರುತ್ತದೆ, ಅಲ್ಲಿಗೆ ಬಂದ ದಾರಿ ಅಳಿಸಿಹೋಗುತ್ತದೆ. ನೆನಪಿಗೆ ಅಂತಲೇ ಫ್ರ್ಯಾಕ್ಷನಲ್ ತಂದು ಅದನ್ನೇ ಮರೆಸಿದರೆ ಹೇಗೆ, ಅಲ್ವಾ? ಇಂಟಿಗ್ರಲ್ ಅನ್ನು ಕಾಲ ಸೊನ್ನೆಯಿಂದ ಹೊರಡಿಸಿಯೂ ಒಮ್ಮೆ ಮಾಡಿ. ಎರಡರ ಉತ್ತರ ತುಂಬಾ ಬೇರೆಯಾದರೆ ಯಾವುದನ್ನು ಆರಿಸಿದಿರಿ, ಯಾಕೆ ಅಂತ ಬರೆಯಲೇಬೇಕು.

ತುಂಡು ಮಾಡುವ ದಿನವನ್ನು ಗ್ರಾಫ್ ನೋಡಿ ಸುಮ್ನೆ ಆರಿಸಬೇಡಿ. ಹೊರಗಿನ ಕಾರಣ ಇರಲಿ. ಸಾಕಷ್ಟು ತುಂಡು ಮಾಡಿದರೆ ಯಾವ ದತ್ತಾಂಶವಾದರೂ ಹೊಂದುತ್ತದೆ. ಕೊನೆಯ ಭಾಗದ ದತ್ತಾಂಶವನ್ನು ಮುಟ್ಟದೆ ಪರೀಕ್ಷೆಗೆ ಇಟ್ಟುಕೊಳ್ಳಿ.

ಯೂನಿಟ್ ಕೂಡ ನೋಡಿ, ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ಆರ್ಡರ್ 0.8 ಆದಾಗ ಎಡಗಡೆ ಕಾಲದ ಘಾತ −0.8. ‘ದಿನಕ್ಕೆ ಇಷ್ಟು’ ಅಂತಿರುವ ಹರಡುವ ದರವನ್ನು ಬಲಗಡೆ ಹಾಗೇ ಬಿಟ್ಟರೆ ಯೂನಿಟ್ ಕೂಡುವುದಿಲ್ಲ. ಅದಕ್ಕೂ 0.8ರ ಘಾತ ಹಾಕಿ.