ಓದುಗರ ಪ್ರಶ್ನೆ: ಮೀನುಗಾರಿಕೆ ದೋಣಿಗೆ ಇನ್‌ಬೋರ್ಡ್ ಎಂಜಿನ್ನೋ, ಔಟ್‌ಬೋರ್ಡ್ ಎಂಜಿನ್ನೋ?

ಪ್ರಶ್ನೆ: ನಾವು ಅಣ್ಣ ತಮ್ಮ ಇಬ್ಬರು ಕಾಸರಕೋಡ ಟೊಂಕದಿಂದ 26 ಅಡಿ ಉದ್ದದ ಫೈಬರ್ ದೋಣಿಯಲ್ಲಿ ಮೀನುಗಾರಿಕೆ ಮಾಡುತ್ತೇವೆ. ದೋಣಿಗೆ 9.9 ಅಶ್ವಶಕ್ತಿಯ ಸೀಮೆಎಣ್ಣೆ ಔಟ್‌ಬೋರ್ಡ್, ಅಂದರೆ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್ ಇದೆ, ಅದು ಹಳತಾಗಿದೆ. ಬಂಗುಡೆ, ಇಸ್ವಾಣಕ್ಕೆಂದು ದೂರ ಹೋಗಬೇಕಾಗುವುದರಿಂದ ದಿನಕ್ಕೆ ಐದು ತಾಸಾದರೂ ಎಂಜಿನ್ ಓಡುತ್ತದೆ, ಸಹಾಯಧನದ ಸೀಮೆಎಣ್ಣೆ ತಿಂಗಳ ನಡುವೆಯೇ ಮುಗಿದುಹೋಗುತ್ತದೆ. ಇದೇ ದೋಣಿಗೆ 20 ಅಶ್ವಶಕ್ತಿಯ ಡೀಸೆಲ್ ಇನ್‌ಬೋರ್ಡ್, ಅಂದರೆ ದೋಣಿಯ ಒಳಗೇ ಕೂರುವ ಎಂಜಿನ್, ಹಾಕಿಸೋಣ ಎಂದು ಅಣ್ಣ ಹೇಳುತ್ತಾನೆ. ನನಗೆ ನದಿ ಕಡಲು ಸೇರುವ ಅಳಿವೆಯ ಮರಳಿನ ಹೆದರಿಕೆ. ಏನು ಮಾಡಬೇಕು?
— ಓದುಗರೊಬ್ಬರು, ಹೊನ್ನಾವರ ತಾಲ್ಲೂಕು

ಉತ್ತರ: ನಿಮ್ಮ ಅಣ್ಣ ಡೀಸೆಲ್ ಎಂದದ್ದು ಸರಿಯಾಗಿದೆ. ಆದರೆ ‘ಇದೇ ದೋಣಿಗೆ’ ಎಂದದ್ದನ್ನೂ ‘20 ಅಶ್ವಶಕ್ತಿ’ ಎಂದದ್ದನ್ನೂ ನಾನು ಒಪ್ಪಲಾರೆ.

ಇಂಧನದ ಲೆಕ್ಕವನ್ನು ಮೊದಲು ನೋಡೋಣ, ಏಕೆಂದರೆ ನಿಮ್ಮ ಮನೆಯ ಚಿಂತೆ ಅಲ್ಲಿಂದಲೇ ಹುಟ್ಟಿದೆ. ನಿಮ್ಮಲ್ಲಿರುವಂಥ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಒಂದು ಅಶ್ವಶಕ್ತಿಯನ್ನು ಒಂದು ತಾಸಿನ ಮಟ್ಟಿಗೆ ಒದಗಿಸಲು ಸುಮಾರು ಅರ್ಧ ಲೀಟರ್ ಇಂಧನವನ್ನು ಕುಡಿಯುತ್ತದೆ. ಸುಸ್ಥಿತಿಯಲ್ಲಿರುವ ಡೀಸೆಲ್ ಎಂಜಿನ್ನಿಗೆ ಅಷ್ಟೇ ಕೆಲಸಕ್ಕೆ ಸುಮಾರು ಕಾಲು ಲೀಟರ್ ಸಾಕು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಇಂಧನದ ಒಂದು ಪಾಲು ಸುಡದೆಯೇ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಎಂಜಿನ್ನಿನ ಹಿಂದೆ ನೀರಿನ ಮೇಲೆ ನೀವು ದಿನವೂ ನೋಡುವ ಬಣ್ಣಬಣ್ಣದ ಪದರ ನೀವು ದುಡ್ಡು ಕೊಟ್ಟು ತಂದ ಎಣ್ಣೆಯದೇ. ಸರಾಸರಿ 8 ಅಶ್ವಶಕ್ತಿಯಲ್ಲಿ ಐದು ತಾಸು ಓಡಿದರೆ ಈಗಿನ ಎಂಜಿನ್ನಿಗೆ 20 ಲೀಟರ್ ಸೀಮೆಎಣ್ಣೆ ಬೇಕು, ಡೀಸೆಲ್ ಎಂಜಿನ್ನಿಗೆ 10 ಲೀಟರ್ ಬೇಕು. ವರ್ಷದಲ್ಲಿ 200 ದಿನ ಕಡಲಿಗೆ ಇಳಿಯುವಿರಾದರೆ ವ್ಯತ್ಯಾಸ 2,000 ಲೀಟರ್ ಆಗುತ್ತದೆ. ನಿಮ್ಮ ಕೈಗೆ ಬೀಳುವ ದರವನ್ನು, ಅಂದರೆ ಸಹಾಯಧನದ್ದಕ್ಕೆ ಬೇರೆಯಾಗಿ ಮತ್ತು ಮುಗಿದ ಮೇಲೆ ಹೊರಗೆ ಕೊಳ್ಳುವುದಕ್ಕೆ ಬೇರೆಯಾಗಿ, ಹಾಕಿ ನೋಡಿದರೆ ಇನ್‌ಬೋರ್ಡ್‌ಗೆ ಮಾಡುವ ಹೆಚ್ಚಿನ ಖರ್ಚು ಎಷ್ಟು ವರ್ಷಕ್ಕೆ ತೀರುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ದಿನಕ್ಕೆ ಒಂದೆರಡು ತಾಸು ಮಾತ್ರ ಎಂಜಿನ್ ಓಡಿಸುವವರಿಗೆ ಆ ಖರ್ಚು ಬೇಗನೆ ತೀರುವುದಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಡೀಸೆಲ್ ಇನ್‌ಬೋರ್ಡ್‌ನ ಇನ್ನೊಂದು ಗುಣ ಅದರ ಫ್ಯಾನ್, ಅಂದರೆ ನೀರಿನಲ್ಲಿ ತಿರುಗಿ ದೋಣಿಯನ್ನು ತಳ್ಳುವ ಪ್ರೊಪೆಲ್ಲರ್. ಈ ಅಳತೆಯ ಔಟ್‌ಬೋರ್ಡ್‌ನ ಫ್ಯಾನ್ ಹತ್ತು ಇಂಚಿನ ಆಸುಪಾಸಿನದಾಗಿದ್ದು ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಇನ್‌ಬೋರ್ಡ್‌ಗೆ ದೊಡ್ಡ ಫ್ಯಾನ್ ಹಾಕಿ ಅದರ ಅರ್ಧಕ್ಕಿಂತ ಕಡಿಮೆ ಸುತ್ತಿನಲ್ಲಿ ತಿರುಗಿಸಬಹುದು. ನಿಧಾನವಾಗಿ ಸಾಗುವ ಭಾರದ ದೋಣಿಯನ್ನು ತಳ್ಳುವುದಕ್ಕೆ, ಬಹಳ ನೀರನ್ನು ಮೆಲ್ಲಗೆ ಹಿಂದಕ್ಕೆ ದೂಡುವ ದೊಡ್ಡ ಫ್ಯಾನ್ ಸ್ವಲ್ಪ ನೀರನ್ನು ರಭಸದಿಂದ ದೂಡುವ ಚಿಕ್ಕ ಫ್ಯಾನಿಗಿಂತ ಯಾವಾಗಲೂ ಮೇಲು. ಆದ್ದರಿಂದ 10 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಅಷ್ಟೇ ಶಕ್ತಿಯ ಔಟ್‌ಬೋರ್ಡ್‌ಗಿಂತ ಬಲೆ ಎಳೆಯುವಾಗಲೂ ಎದುರು ಗಾಳಿಯಲ್ಲಿಯೂ ಗಟ್ಟಿಯಾಗಿ ನಿಲ್ಲುತ್ತದೆ.

ಹಾಗಿರುವಾಗ 20 ಅಶ್ವಶಕ್ತಿ ಏಕೆ? ಬಲೆ, ಐಸ್, ಮೀನು ತುಂಬಿದ ದೋಣಿಯ ವೇಗಕ್ಕೆ ಅದರ ಉದ್ದವೇ ಒಂದು ಮಿತಿಯನ್ನು ಹಾಕುತ್ತದೆ. ನೀರಿಗೆ ತಾಗುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ವೇಗ ನಾಟಿಕಲ್ ಮೈಲುಗಳಲ್ಲಿ ಸಿಗುತ್ತದೆ. ನಿಮ್ಮ ದೋಣಿಯಲ್ಲಿ ನೀರಿಗೆ ತಾಗುವ ಉದ್ದ 24 ಅಡಿ ಎಂದು ಹಿಡಿದರೆ ತಾಸಿಗೆ ಆರೂವರೆ ನಾಟಿಕಲ್ ಮೈಲು, ಅಂದರೆ ಸುಮಾರು 12 ಕಿಲೋಮೀಟರ್. ಅದರಾಚೆಗೆ ದೂಡಲು ಹೋದಂತೆಲ್ಲ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ, ಎಣ್ಣೆ ಸುರಿದಷ್ಟು ವೇಗ ಏರುವುದಿಲ್ಲ. ಎಣ್ಣೆ ಉಳಿಸಲೆಂದು ಡೀಸೆಲ್ಲಿಗೆ ಹೋಗಿ ಆ ಉಳಿತಾಯವನ್ನು ಹೀಗೆ ಚೆಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಇದಕ್ಕಿಂತಲೂ ದೊಡ್ಡ ಕಾರಣವೊಂದಿದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳು ಈ ನಿಷೇಧದ ಹೊರಗಿವೆ. ಆ ಎಂಜಿನ್ ಒಳಗಿದೆಯೋ ಹೊರಗಿದೆಯೋ ಎಂಬುದು ಇಲ್ಲಿ ಮುಖ್ಯವಲ್ಲ, ಶಕ್ತಿ ಎಷ್ಟು ಎಂಬುದೇ ಮುಖ್ಯ. 20 ಅಶ್ವಶಕ್ತಿಯ ಎಂಜಿನ್ ಕೂರಿಸಿದ ದಿನವೇ ನಿಮ್ಮ ದೋಣಿ ಆ ವಿನಾಯಿತಿಯನ್ನು ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ನಿಂತಿರುವಾಗ, ಕಡಲು ಸ್ವಲ್ಪ ಶಾಂತವಾದ ದಿನ ದಂಡೆಯ ಹತ್ತಿರ ಸಿಗುವ ಸಿಗಡಿ ಮತ್ತು ಮೀನು ನಾಡದೋಣಿಯವರ ಪಾಲಿನದು. ಅದನ್ನು ನೀವಾಗಿ ಬಿಟ್ಟುಕೊಡಬೇಡಿ.

ಈಗ ‘ಇದೇ ದೋಣಿಗೆ’ ಎಂಬ ಮಾತಿಗೆ ಬರುತ್ತೇನೆ. ಔಟ್‌ಬೋರ್ಡ್‌ಗೆಂದು ಕಟ್ಟಿದ ಫೈಬರ್ ದೋಣಿಯ ತಳ ಚಪ್ಪಟೆಯಾಗಿ, ಹಗುರವಾಗಿರುತ್ತದೆ. ಅದರೊಳಗೆ ಡೀಸೆಲ್ ಎಂಜಿನ್ ಕೂರಿಸಬೇಕಾದರೆ ಅದರ ಭಾರವನ್ನೂ ಅದುರುವಿಕೆಯನ್ನೂ ತಳದ ಉದ್ದಕ್ಕೆ ಹಂಚುವ ಗಟ್ಟಿಯಾದ ತೊಲೆಗಳು ಬೇಕು, ಹಿಂಬದಿಯಲ್ಲಿ ಎಂಜಿನ್ನಿನಿಂದ ಫ್ಯಾನನ್ನು ತಿರುಗಿಸುವ ಸರಳು, ಅಂದರೆ ಶಾಫ್ಟ್, ಹೋಗಲು ತೂತು ಕೊರೆಯಬೇಕು, ಫ್ಯಾನಿಗೆ ಜಾಗ ಬೇಕು, ಚುಕ್ಕಾಣಿಯನ್ನು ಹೊಸದಾಗಿ ಕೂರಿಸಬೇಕು. ಇಷ್ಟನ್ನು ಮಾಡಿಸಿದ ಮೇಲೂ ಭಾರದ ಸ್ಥಾನ ಬದಲಾಗಿ ದೋಣಿ ಮೊದಲಿನಂತೆ ಅಲೆಯ ಮೇಲೆ ಕೂರುವುದಿಲ್ಲ. ಹೀಗೆ ಕೊರೆದ ದೋಣಿಗಳಲ್ಲಿ ಶಾಫ್ಟಿನ ಸುತ್ತ ಫೈಬರ್ ಸೀಳಿ, ದಿನವೂ ನೀರು ಮೊಗೆದು ಹಾಕುವ ಪಾಡಿಗೆ ಬಂದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಯಾರೂ ದುಡುಕಿನವರಾಗಿರಲಿಲ್ಲ, ದೋಣಿ ಆ ಎಂಜಿನ್ನಿಗೆ ಹುಟ್ಟಿದ್ದಾಗಿರಲಿಲ್ಲ, ಅಷ್ಟೇ. ಇನ್‌ಬೋರ್ಡ್ ಬೇಕೆನ್ನುವುದು ದೋಣಿ ಕಟ್ಟುವ ಮೊದಲೇ ತೀರ್ಮಾನವಾಗಬೇಕಾದ ವಿಷಯ.

ನಿಮ್ಮ ಹೆದರಿಕೆಯೂ ಸುಮ್ಮನೆ ಬಂದದ್ದಲ್ಲ. ಶರಾವತಿಯ ಅಳಿವೆಯಲ್ಲಿ ಮರಳಿನ ದಿಬ್ಬ ಒಂದೇ ಕಡೆ ನಿಲ್ಲುವುದಿಲ್ಲ. ಹಿಂದಿನ ವಾರ ದಾರಿಯಿದ್ದಲ್ಲಿ ಈ ವಾರ ಅಲೆ ಒಡೆಯುತ್ತಿರುತ್ತದೆ, ಇಳಿತದ ಹೊತ್ತಿನಲ್ಲಿ ನದಿಯ ಸೆಳೆತ ಮತ್ತು ಕಡಲಿನ ಅಲೆ ಎದುರುಬದುರಾಗುತ್ತವೆ. ಅಲ್ಲಿ ತಳ ತಾಗಿದರೆ ಔಟ್‌ಬೋರ್ಡ್‌ನವರು ಎಂಜಿನ್ ಎತ್ತಿ ಹುಟ್ಟು ಹಾಕಿಯಾದರೂ ದಾಟಬಹುದು. ಇನ್‌ಬೋರ್ಡ್‌ನವರಿಗೆ ಫ್ಯಾನೂ ಚುಕ್ಕಾಣಿಯೂ ತಳದ ಕೆಳಗೇ ಇರುವುದರಿಂದ ಮೊದಲ ಪೆಟ್ಟು ಅವುಗಳಿಗೇ ಬೀಳುತ್ತದೆ, ಚುಕ್ಕಾಣಿ ಕೆಟ್ಟರೆ ದೋಣಿ ಅಲೆಗೆ ಅಡ್ಡವಾಗುತ್ತದೆ. ಆದರೂ ಔಟ್‌ಬೋರ್ಡ್ ಎಲ್ಲ ರೀತಿಯಿಂದಲೂ ಸುರಕ್ಷಿತ ಎಂದುಕೊಳ್ಳಬೇಡಿ. ಅಲೆಯ ಮೇಲೆ ದೋಣಿಯ ಹಿಂಬದಿ ಎದ್ದಾಗ ಅದರ ಫ್ಯಾನ್ ನೀರಿನಿಂದ ಹೊರಬಂದು ಗಾಳಿಯಲ್ಲಿ ತಿರುಗುತ್ತದೆ, ತಳ್ಳುವ ಬಲ ಬೇಕಾದ ಕ್ಷಣದಲ್ಲೇ ಕೈಕೊಡುತ್ತದೆ. ಎಂಜಿನ್ ಯಾವುದೇ ಇರಲಿ, ಸಾಧ್ಯವಾದಷ್ಟೂ ಭರತದಲ್ಲಿ, ಅಂದರೆ ಕಡಲಿನ ನೀರು ಏರಿರುವ ಹೊತ್ತಿನಲ್ಲಿ, ಅಳಿವೆ ದಾಟಿರಿ, ಲೈಫ್ ಜಾಕೆಟ್ ದೋಣಿಯ ಮೂಲೆಯಲ್ಲಿರದೆ ಮೈಮೇಲೆ ಇರಲಿ.

ಬಲೆ ಬಿಡುವವರಾದ ನಿಮಗೆ ಇನ್ನೊಂದು ಮಾತು. ಫ್ಯಾನಿಗೆ ಬಲೆ ಸುತ್ತಿಕೊಂಡರೆ ಔಟ್‌ಬೋರ್ಡನ್ನು ಮೇಲೆತ್ತಿ ದೋಣಿಯಲ್ಲಿ ಕುಳಿತೇ ಬಿಡಿಸಬಹುದು. ಇನ್‌ಬೋರ್ಡ್‌ನಲ್ಲಿ ಯಾರಾದರೊಬ್ಬರು ಚಾಕು ಹಿಡಿದು ತಳದ ಕೆಳಗೆ ಮುಳುಗಬೇಕು. ದೋಣಿಯಲ್ಲಿ ಇರುವವರು ನೀವಿಬ್ಬರೇ.

ನನ್ನ ಸಲಹೆ ಹೀಗಿದೆ. ಈ ದೋಣಿಯನ್ನು ಕೊರೆಯಬೇಡಿ, ಅದಕ್ಕೆ 10 ಅಶ್ವಶಕ್ತಿಯೊಳಗಿನ ಹೊಸ ಔಟ್‌ಬೋರ್ಡ್ ಹಾಕಿರಿ. ಕೊಳ್ಳುವಾಗ ಫೋರ್-ಸ್ಟ್ರೋಕ್ ಪೆಟ್ರೋಲ್ ಎಂಜಿನ್ನಿನ ಬೆಲೆಯನ್ನೂ ವಿಚಾರಿಸಿರಿ. ಅದು ಟೂ-ಸ್ಟ್ರೋಕ್‌ಗಿಂತ ಭಾರ, ಬೆಲೆಯೂ ಹೆಚ್ಚು, ಆದರೆ ಎಣ್ಣೆ ಕಡಿಮೆ ಕುಡಿಯುತ್ತದೆ, ಆಯಿಲ್ ಬೆರೆಸುವ ಕೆಲಸವೂ ಇಲ್ಲ. ಮುಂದೆ ಹೊಸ ದೋಣಿ ಕಟ್ಟಿಸುವ ದಿನ ಬಂದಾಗ, ಅದನ್ನು ಆಳವಿರುವ ಜೆಟ್ಟಿಯ ಬದಿಗೆ ಕಟ್ಟುವಂತಿದ್ದರೆ, ಅಣ್ಣನವರ ಮಾತಿನಂತೆ ಡೀಸೆಲ್ ಇನ್‌ಬೋರ್ಡ್ ಹಾಕಿಸಿರಿ, ಆದರೆ 10 ಅಶ್ವಶಕ್ತಿಯದು. ತಳ ತಾಗಿದರೆ ಫ್ಯಾನಿಗಿಂತ ಮೊದಲು ನೆಲ ಮುಟ್ಟುವಂಥ ಗಟ್ಟಿಯಾದ ಅಡಿಮರವನ್ನು ಫ್ಯಾನಿನ ಕೆಳಗಿನವರೆಗೂ ಕೊಡಲು ಕಟ್ಟುವವರಿಗೆ ಮೊದಲೇ ಹೇಳಿರಿ. ಎಂಜಿನ್ ಬದಲಾದಾಗ ದೋಣಿಯ ನೋಂದಣಿಯಲ್ಲಿ ಅದನ್ನು ಬದಲಿಸಿಕೊಳ್ಳುವುದನ್ನು ಮರೆಯಬೇಡಿ. ಕೊಳ್ಳುವ ಮೊದಲೇ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ, ಯಾವ ಎಂಜಿನ್ನಿಗೆ ಈಗ ಯಾವ ಸಹಾಯಧನವಿದೆ ಎಂದು ಕೇಳಿಕೊಂಡು ಬರುವುದು ಒಳ್ಳೆಯದು.

ಪ್ರಶ್ನೆ: ಮಾಜಾಳಿಯಲ್ಲಿ ನಮ್ಮ ಚಿಕ್ಕ ದೋಣಿಯನ್ನು ದಿನವೂ ಮರಳಿನ ಮೇಲೆ ಎಳೆದು ಇಡುತ್ತೇವೆ. ಬೆಳಗಿನ ಜಾವ ಸೀಮೆಎಣ್ಣೆ ಎಂಜಿನ್ನಿನ ಹಗ್ಗ ಎಳೆದೆಳೆದು ಕೈ ಸೋಲುತ್ತದೆ. ಇನ್‌ಬೋರ್ಡ್ ಹಾಕಿಸಿದರೆ ಈ ತೊಂದರೆ ತಪ್ಪುತ್ತದೆಯೇ?
— ಓದುಗರೊಬ್ಬರು, ಕಾರವಾರ ತಾಲ್ಲೂಕು

ಉತ್ತರ: ದಿನವೂ ಮರಳಿಗೆ ಎಳೆಯುವ ದೋಣಿಗೆ ಇನ್‌ಬೋರ್ಡ್ ಸಲ್ಲದು. ಇಬ್ಬರು ಹೆಗಲ ಮೇಲೆ ಹೊತ್ತು ಮನೆಗೆ ಒಯ್ಯಬಹುದಾದ ಎಂಜಿನ್ನೇ ನಿಮಗೆ ಸರಿ. ಸೀಮೆಎಣ್ಣೆ ಎಂಜಿನ್ ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುತ್ತದೆ. ದಂಡೆಗೆ ಬರುವ ಕೆಲವು ನಿಮಿಷ ಮೊದಲು ಮತ್ತೆ ಪೆಟ್ರೋಲಿಗೆ ಹೊರಳಿಸಿ ಓಡಿಸಿ ನಿಲ್ಲಿಸಿದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿಯುವುದಿಲ್ಲ, ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದರೂ ಬೇಗ ಹತ್ತಿಕೊಳ್ಳುತ್ತದೆ. ಹಲವರು ನಾಲ್ಕು ಹನಿ ಪೆಟ್ರೋಲ್ ಉಳಿಸಲು ಇದನ್ನು ಬಿಟ್ಟುಬಿಡುತ್ತಾರೆ. ಪ್ಲಗ್ಗನ್ನೂ ತೆಗೆದು ಮಸಿ ಒರೆಸಿರಿ.

ಎಂಜಿನ್ನಿನ ಕಾಲಿನ ಉದ್ದವನ್ನೂ ಒಮ್ಮೆ ನೋಡಿರಿ. 15 ಇಂಚಿನದು, 20 ಇಂಚಿನದು ಎಂದು ಎರಡು ಅಳತೆ ಸಾಮಾನ್ಯ. ಫ್ಯಾನಿನ ಮೇಲಿರುವ ಚಪ್ಪಟೆ ತಗಡು ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಬರಬೇಕು. ಮೇಲೆ ಬಂದರೆ ಫ್ಯಾನ್ ಗಾಳಿ ಎಳೆದುಕೊಳ್ಳುತ್ತದೆ, ತೀರ ಕೆಳಗಿದ್ದರೆ ನೀರು ಎಂಜಿನ್ನನ್ನು ಹಿಂದಕ್ಕೆ ಹಿಡಿಯುತ್ತದೆ. ಮರಳಿನ ನೀರು ತಂಪುಮಾಡುವ ಪಂಪಿನ ರಬ್ಬರ್ ಚಕ್ರವನ್ನು ಬೇಗ ತಿನ್ನುವುದರಿಂದ, ಎಂಜಿನ್ ಓಡುವಾಗ ಬದಿಯಿಂದ ಬರುವ ನೀರಿನ ಧಾರೆ ಸಣ್ಣದಾಯಿತೋ ಎಂದು ದಿನವೂ ಕಣ್ಣಿಡಿ. ಕಡಲಿನಿಂದ ಬಂದ ಮೇಲೆ ಡ್ರಮ್ಮಿನಲ್ಲಿ ಬಾವಿಯ ಸಿಹಿನೀರು ತುಂಬಿಸಿ ಐದು ನಿಮಿಷ ಓಡಿಸಿದರೆ ಒಳಗಿನ ಉಪ್ಪು ತೊಳೆದುಹೋಗುತ್ತದೆ.

ಪ್ರಶ್ನೆ: ಬೇಲೆಕೇರಿಯಲ್ಲಿ 32 ಅಡಿಯ ಹೊಸ ದೋಣಿ ಕಟ್ಟಿಸುತ್ತಿದ್ದೇನೆ. ಇನ್‌ಬೋರ್ಡ್ ಎಂದು ತೀರ್ಮಾನವಾಗಿದೆ. ಕಡಿಮೆ ಬೆಲೆಗೆ ಸಿಗುವ ಹಳೆಯ ಲಾರಿ ಎಂಜಿನ್ ಕೂರಿಸಬಹುದೇ?
— ಓದುಗರೊಬ್ಬರು, ಅಂಕೋಲಾ ತಾಲ್ಲೂಕು

ಉತ್ತರ: ಲಾರಿಯ ಎಂಜಿನ್ನುಗಳ ಮೂಲದಿಂದಲೇ ಬಂದ ಎಂಜಿನ್ನುಗಳು ನಮ್ಮ ಬಂದರುಗಳ ಅನೇಕ ಟ್ರಾಲ್ ಬೋಟುಗಳಲ್ಲಿವೆ, ಆದರೆ ಅವನ್ನು ಕಡಲಿಗೆಂದು ಸಿದ್ಧಪಡಿಸಿರುತ್ತಾರೆ. ಲಾರಿ ಇಳಿಜಾರಿನಲ್ಲಿ ದಣಿವಾರಿಸಿಕೊಳ್ಳುತ್ತದೆ, ದೋಣಿಯ ಎಂಜಿನ್ನಿಗೆ ತಾಸುಗಟ್ಟಲೆ ಒಂದೇ ಭಾರ. ಆದ್ದರಿಂದ ಲಾರಿಯ ಪೂರ್ಣ ಶಕ್ತಿಯನ್ನು ಅದರಿಂದ ತೆಗೆಯುವಂತಿಲ್ಲ. ಹಿಂದಕ್ಕೂ ಮುಂದಕ್ಕೂ ನಡೆಸುವ, ಸುತ್ತನ್ನು ತಗ್ಗಿಸುವ ದೋಣಿಯ ಗೇರ್‌ಬಾಕ್ಸ್ ಬೇರೆಯಾಗಿ ಬೇಕು. ಉಪ್ಪುನೀರನ್ನು ನೇರವಾಗಿ ಎಂಜಿನ್ನಿನೊಳಗೆ ಹರಿಸಿದರೆ ಬಿಸಿಗೆ ಉಪ್ಪು ಗಟ್ಟಿಯಾಗಿ ದಾರಿ ಮುಚ್ಚುತ್ತದೆ, ಕಬ್ಬಿಣವೂ ಕೊಳೆಯುತ್ತದೆ. ತಳದ ಹೊರಗೆ ಕೊಳವೆ ಹಾಯಿಸಿ, ಅದರೊಳಗೆ ಸಿಹಿನೀರನ್ನು ಸುತ್ತಿಸುವ ಏರ್ಪಾಡು ಮಾಡಿಸಿರಿ. ಇವೆಲ್ಲದರ ಖರ್ಚನ್ನು ಕೂಡಿಸಿದ ಮೇಲೂ ಅಗ್ಗವೆನಿಸಿದರೆ ಮಾತ್ರ ಕೊಳ್ಳಿರಿ; ಅನೇಕ ಸಲ ಅನಿಸುವುದಿಲ್ಲ.

ಯಾವ ಎಂಜಿನ್ ಹಾಕಿದರೂ ಶಾಫ್ಟಿನ ನೇರವನ್ನು ದೋಣಿ ದಂಡೆಯ ಮೇಲಿರುವಾಗ ನೋಡಿ ಕೈಬಿಡಬೇಡಿ. ನೀರಿಗಿಳಿದ ಮೇಲೆ ದೋಣಿಯ ಮೈ ತುಸು ಬಾಗುತ್ತದೆ. ಒಂದೆರಡು ದಿನ ತೇಲಲು ಬಿಟ್ಟು, ಎಂಜಿನ್ ಮತ್ತು ಶಾಫ್ಟು ಸೇರುವ ಎರಡು ಬಿಲ್ಲೆಗಳ ನಡುವಿನ ಸಂದು ಸುತ್ತಲೂ ಒಂದೇ ಸಮನಾಗಿದೆಯೇ ಎಂದು ಫೀಲರ್ ಗೇಜ್ ಹಾಕಿ ನೋಡಿ, ಆಮೇಲೆ ಬೋಲ್ಟ್ ಬಿಗಿಯಿರಿ. ಶಾಫ್ಟ್ ಹೊರಹೋಗುವಲ್ಲಿ ಸುತ್ತಿದ ಹುರಿಯ ಸಂದಿನಿಂದ, ಓಡುವಾಗ ನಿಮಿಷಕ್ಕೆ ಕೆಲವು ಹನಿ ನೀರು ತೊಟ್ಟಿಕ್ಕುವುದು ಸರಿಯಾದ ಲಕ್ಷಣ. ಅದನ್ನು ಸೋರಿಕೆಯೆಂದು ಪೂರ್ತಿ ಬಿಗಿದರೆ ಹುರಿ ಒಣಗಿ ಶಾಫ್ಟನ್ನು ಸವೆಸುತ್ತದೆ.